ಡಕೋಟಾಗೆ ಬಟ್ಟೆ ಉಡಿಸುವ ಸೊಣ್ಣಮ್ಮ

ಜಕ್ಕೂರು ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ವಿಮಾನದ ಮೈದಾನದ ಬೇಲಿಗೆ ಒತ್ತಿಕೊಂಡಿರುವ ತಗಡಿನ ಷೆಡ್ಡಿನಲ್ಲಿ ಮಾತ್ರ ಆಗಲೇ ದೀಪ ಉರಿಯುತ್ತಿದೆ. ಒಳಗೆ ಮರದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿರುವುದು ಡಕೋಟಾ ವಿಮಾನವೊಂದರ ಚುಕ್ಕಾಣಿ. ಬಾಲದ ತುದಿಯಲ್ಲಿ ಎಡಕ್ಕೂ ಬಲಕ್ಕೂ ಆಡುತ್ತಾ ವಿಮಾನಕ್ಕೆ ದಿಕ್ಕು ತೋರಿಸುವುದು ಇದೇ. ಎರಡಾಳೆತ್ತರದ ಅದರ ತಗಡಿನ ಪಕ್ಕೆಲುಬುಗಳಿಗೆ ದಿಂಬಿಗೆ ಗವಸು ಹಾಕಿದಂತೆ ಬಿಳಿ ಹತ್ತಿ ಬಟ್ಟೆ ತೊಡಿಸಿದ್ದಾರೆ. ಸೊಣ್ಣಮ್ಮ ಸೆರಗಿನ ಗಂಟು ಬಿಚ್ಚಿ ಚಿಟಿಕೆ ಅರಿಶಿನ ತೆಗೆಯುತ್ತಾರೆ. ಬೆರಳನ್ನು ನೀರಿಗೆ ಅದ್ದಿ, ಅರಿಶಿನ ಕಲಸಿ, ಬಟ್ಟೆಯ ಕೆಳಗಿನ ಅಂಚಿನಲ್ಲಿ ಹೆಚ್ಚಾಗಿ ಇಳಿಬಿದ್ದಿರುವ ಮೂಲೆಗೆ ಮುಟ್ಟಿಸುತ್ತಾರೆ. ಹೊಲಿಗೆ ಮುಗಿದ ಮೇಲೆ ಆ ಮೂಲೆಯನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ಕತ್ತರಿಸಿ ಬಿಸಾಡುವ ಬಟ್ಟೆಗೆ ಯಾಕಮ್ಮ ಅರಿಶಿನ ಎಂದು ಕೇಳಿದರೆ, ಅದು ದೊಡ್ಡ ಕತೆ, ಮೊದಲು ಹೊಲಿಗೆ ಆಗಲಿ ಎನ್ನುತ್ತಾರೆ.

ಪತ್ರಿಕೆಗೆ ಬರೆಯಲೆಂದು ಹೋಗಿದ್ದ ನನಗೆ ಅಲ್ಲಿಯೇ ಮೊದಲ ಆಶ್ಚರ್ಯ ಕಾದಿತ್ತು. ವಿಮಾನವೆಂದರೆ ಪೂರ್ತಿ ಲೋಹ ಎಂದು ನಂಬಿಕೊಂಡವನು ನಾನು. ಒಮ್ಮೆ ಇದೇ ಡಕೋಟಾದಲ್ಲಿ ಮದರಾಸಿಗೆ ಹೋಗಿ, ದಾರಿಯುದ್ದಕ್ಕೂ ವಾಂತಿಗೆಂದು ಕಾಗದದ ಚೀಲ ಹಿಡಿದು ಕೂತು, ಇಳಿದ ಮೇಲೆ ನೆಲ ಮುಟ್ಟಿ ನಮಸ್ಕಾರ ಮಾಡಿದವನು ಕೂಡ. ನನ್ನನ್ನು ಹೊತ್ತುಕೊಂಡು ಹೋದ ಯಂತ್ರದ ಬಾಲಕ್ಕೆ ಬಟ್ಟೆ ಸುತ್ತಿದ್ದರು, ಅದನ್ನು ಜಕ್ಕೂರಿನ ಹೆಂಗಸೊಬ್ಬರು ಕೈಯಿಂದ ಹೊಲಿದಿದ್ದರು ಎಂದು ಆವತ್ತೇ ಗೊತ್ತಾಗಿದ್ದರೆ ನಾನು ರೈಲಿಗೇ ಹೋಗುತ್ತಿದ್ದೆ. ಈಗ ಆ ಹೊಲಿಗೆಯನ್ನು ಹತ್ತಿರದಿಂದ ನೋಡಿದ ಮೇಲೆ ಹೇಳುತ್ತೇನೆ, ನಾನು ಹಾಕಿಕೊಂಡಿರುವ ಅಂಗಿಗಿಂತ ಅದರ ಮೇಲೆ ನನಗೆ ನಂಬಿಕೆ ಹೆಚ್ಚು.

ಹೊಲಿಗೆಗೆ ಇಬ್ಬರು ಬೇಕು. ಈ ಕಡೆ ಸೊಣ್ಣಮ್ಮ, ಆ ಕಡೆ ಬಣ್ಣದ ಕೆಲಸದ ಗಯಾಸ್. ನಡುವೆ ಚುಕ್ಕಾಣಿ ಗೋಡೆಯ ಹಾಗೆ ನಿಂತಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಸೊಣ್ಣಮ್ಮ ಮೊಳದುದ್ದದ ಸೂಜಿಯನ್ನು ಈ ಕಡೆಯ ಬಟ್ಟೆಗೆ ಚುಚ್ಚಿ ಪಕ್ಕೆಲುಬಿನ ಪಕ್ಕದಿಂದ ಒಳಗೆ ತಳ್ಳುತ್ತಾರೆ. ಅದು ಆ ಕಡೆಯ ಬಟ್ಟೆಯಿಂದ ಮೂತಿ ಹೊರಗೆ ಹಾಕಬೇಕು. “ಬಂತಾ?” ಎನ್ನುತ್ತಾರೆ ಸೊಣ್ಣಮ್ಮ. “ಬಂತು,” ಎನ್ನುತ್ತಾರೆ ಗಯಾಸ್. ಅವರು ಎಳೆದುಕೊಂಡು, ಪಕ್ಕೆಲುಬಿನ ಆಚೆ ಬದಿಯಿಂದ ವಾಪಸು ತಳ್ಳಿ “ಬಂತಾ?” ಎಂದರೆ ಈ ಕಡೆಯಿಂದ “ಬಂತು.” ಆಮೇಲೆ ಒಂದು ಗಂಟು. ಮೇಣ ಹಚ್ಚಿದ ದಾರದ ಆ ಗಂಟು ಹೇಗಿದೆಯೆಂದರೆ, ಪಕ್ಕದ ಹೊಲಿಗೆ ಹರಿದುಹೋದರೂ ಇದು ಮಾತ್ರ ಬಿಚ್ಚಿಕೊಳ್ಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಷೆಡ್ಡಿನಲ್ಲಿ ಕೇಳುವ ಮಾತು ಹೆಚ್ಚಾಗಿ ಇವೆರಡೇ. ನಡುವೆ ಯಲಹಂಕದ ಸಂತೆಯಲ್ಲಿ ಈರುಳ್ಳಿ ಬೆಲೆ, ಗಯಾಸರ ಹೆಂಡತಿ ಮಲ್ಕಾಳ ಮಂಡಿನೋವು, ಇಂಥ ಸುದ್ದಿಗಳೂ ಸೂಜಿಯ ಜೊತೆಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತವೆ.

ಹೊಲಿಗೆ ಮುಗಿದ ಮೇಲಿನದು ಗಯಾಸರ ಕೆಲಸ. ಬಟ್ಟೆಯ ಮೇಲೆ ಅವರು ಒಂದು ಬಗೆಯ ಮೆರುಗೆಣ್ಣೆ ಬಳಿಯುತ್ತಾರೆ. ಷೆಡ್ಡಿನವರು ಅದಕ್ಕೆ ಡೋಪು ಎನ್ನುತ್ತಾರೆ. ಅದು ಒಣಗುತ್ತಾ ಬಟ್ಟೆಯನ್ನು ಜಗ್ಗಿ ಬಿಗಿಮಾಡುತ್ತದೆ, ಬೆರಳಲ್ಲಿ ಬಾರಿಸಿದರೆ ತಮಟೆಯ ಸದ್ದು ಬರುತ್ತದೆ. ಕೊನೆಗೆ ಬಿಸಿಲಿನಿಂದ ಕಾಪಾಡಲು ಬೆಳ್ಳಿ ಬಣ್ಣ. ಡೋಪಿನ ವಾಸನೆ ಕಳಿತ ಬಾಳೆಹಣ್ಣಿನದು. ಮೊದಲು ಚೆನ್ನಾಗಿದೆ ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. ಬೆಂಕಿ ಸೋಕಿದರೆ ಷೆಡ್ಡೇ ಹೋಗುತ್ತದೆ, ಹಾಗಾಗಿ ಗಯಾಸ್ ಬೀಡಿ ಸೇದಲು ಬೇಲಿಯಾಚೆಯ ಹೊಂಗೆಮರದ ತನಕ ನಡೆಯಬೇಕು. ಗಾಳಿಯಲ್ಲಿ ತೇವವಿದ್ದರೆ ಡೋಪು ಬೆಳ್ಳಗೆ ಕೆಟ್ಟುಹೋಗುತ್ತದೆ, ಅದಕ್ಕೆ ಮಳೆಗಾಲದಲ್ಲಿ ಇಬ್ಬರೂ ಆಕಾಶ ನೋಡುತ್ತಾ ಕೂರುತ್ತಾರೆ. ಷೆಡ್ಡು ನಂದಿ ಏರ್ ಟ್ರಾನ್ಸ್‌ಪೋರ್ಟ್ ಎಂಬ ಸಣ್ಣ ಖಾಸಗಿ ಕಂಪನಿಯದು. ಅದರ ವಿಮಾನಗಳು ನಿಲ್ಲುವುದು ಊರಿನ ಆ ತುದಿಯ ದೊಡ್ಡ ನಿಲ್ದಾಣದಲ್ಲಿ. ಬಟ್ಟೆಯ ಭಾಗಗಳು ಮಾತ್ರ ಲಾರಿಯಲ್ಲಿ ಹೆಬ್ಬಾಳದ ಮೇಲೆ ಜಕ್ಕೂರಿಗೆ ಬರುತ್ತವೆ.

ಸೊಣ್ಣಮ್ಮ ಜಕ್ಕೂರಿನ ಹಳೆಯ ಊರಿನವರು. ತಾಯಿಯ ಜೊತೆ ಯಲಹಂಕ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕಡೆಯೆಲ್ಲಾ ಸಿಪಾಯಿಗಳ ಡೇರೆಗಳೆದ್ದಾಗ, ದಬ್ಬಣ ಹಿಡಿದು ಗೊತ್ತಿರುವ ಹೆಂಗಸರನ್ನು ಡೇರೆ ಹೊಲಿಯಲು ಕರೆದರು. ಯುದ್ಧ ಮುಗಿಯಿತು, ಡೇರೆಗಳು ಹೋದವು. ಸಿಪಾಯಿಗಳನ್ನೂ ಮದ್ದುಗುಂಡನ್ನೂ ಹೊತ್ತು ಸುಸ್ತಾಗಿದ್ದ ಡಕೋಟಾಗಳನ್ನು ಸರ್ಕಾರ ಅಗ್ಗಕ್ಕೆ ಮಾರಿತು, ಈ ಕಂಪನಿ ಮೂರನ್ನು ಕೊಂಡಿತು. ಅವುಗಳ ಜೊತೆಗೆ ಡೇರೆ ಹೊಲಿಯುತ್ತಿದ್ದ ಸೊಣ್ಣಮ್ಮನೂ ಷೆಡ್ಡಿಗೆ ಬಂದರು.

ಮೊದಲ ಚುಕ್ಕಾಣಿಯನ್ನು ತಾವು ಕೆಡಿಸಿದ್ದನ್ನು ಅವರು ನಗುತ್ತಲೇ ಹೇಳುತ್ತಾರೆ. ಗೋಣಿ ಹೊಲಿದ ಕೈ, ಪ್ರತಿ ಹೊಲಿಗೆಯನ್ನೂ ಮೂಟೆ ಬಿಗಿದಂತೆ ಜಗ್ಗಿಬಿಟ್ಟಿದ್ದರಂತೆ. ಬಟ್ಟೆಯೆಲ್ಲಾ ಗುಳಿಬಿದ್ದು, ದಾರ ಬಟ್ಟೆಯನ್ನೇ ಕೊಯ್ದಿತ್ತು. ಕಲಿಸುತ್ತಿದ್ದ ಮಿಲಿಟರಿಯ ಹಳೆಯ ಮೇಸ್ತ್ರಿ ಬೈಯಲಿಲ್ಲ. ಎಲ್ಲವನ್ನೂ ಬಿಚ್ಚು ಎಂದರು, ಅಷ್ಟೆ. ದಾರ ತುಂಡಾಗದಂತೆ, ಬಟ್ಟೆ ಹರಿಯದಂತೆ, ಹಾಕಿದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಬೇಕು. ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. “ಒಲಿಯೋದು ಅವರು ಕಲಿಸ್ಲಿಲ್ಲ ಸಾಮಿ, ಬಿಚ್ಚೋದು ಕಲಿಸಿದ್ರು,” ಎನ್ನುತ್ತಾರೆ ಸೊಣ್ಣಮ್ಮ. “ಬಿಚ್ತಾ ಬಿಚ್ತಾ ಒಲಿಗೆ ತಾನಾಗೇ ಬಂತು.”

ಆ ದಿನಗಳಲ್ಲಿ ಊರಿನವರ ಬಾಯಿಗೆ ಬೇಲಿ ಇರಲಿಲ್ಲ. ಗಂಡಸರ ನಡುವೆ ಹೆಣ್ಣು ಹೆಂಗಸು ಹೋಗಿ ಏರೋಪ್ಲೇನ್ ರಿಪೇರಿ ಮಾಡುವುದೆಂದರೇನು ಎಂದು ಬಾವಿಕಟ್ಟೆಯಲ್ಲಿ ಮಾತು. ಮೈಗೆ ಹತ್ತಿದ ಬಾಳೆಹಣ್ಣಿನ ವಾಸನೆ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದೆ, ಮದುವೆಮನೆಗಳಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಗಂಡ ಮುನಿಯಣ್ಣನವರು ಮಾತ್ರ ಒಂದು ದಿನವೂ ಬೇಡ ಎನ್ನಲಿಲ್ಲ. ನಾನು ಅವರನ್ನು ಕೇಳಿದಾಗ, ಕೊತ್ತಂಬರಿ ಕಟ್ಟು ಕಟ್ಟುತ್ತಲೇ, ಅವಳು ಹೊಲಿದದ್ದು ಮೇಲೆ ಹಾರುತ್ತದೆ, ನಾನು ಬಿತ್ತಿದ್ದು ಮೊಣಕಾಲೆತ್ತರ ಬರುವುದರೊಳಗೆ ದನ ತಿನ್ನುತ್ತದೆ, ನಾನು ಯಾವ ಬಾಯಲ್ಲಿ ಬೇಡ ಅನ್ನಲಿ ಎಂದರು. ಈಗ ಊರಿನಲ್ಲಿ ಅವರ ಹೆಸರು ಏರೋಪ್ಲೇನ್ ಸೊಣ್ಣಮ್ಮ. ಅದನ್ನು ಕೇಳಿದಾಗ ಅವರಿಗೆ ಒಳಗೊಳಗೇ ಖುಷಿಯಾಗುವುದನ್ನು ನಾನು ನೋಡಿದ್ದೇನೆ.

ಇನ್ನು ಅರಿಶಿನದ ಕತೆ. ಹೊಸ ಬಟ್ಟೆ ಉಡುವ ಮೊದಲು ಅಂಚಿಗೆ ಅರಿಶಿನ ಮುಟ್ಟಿಸುವುದು ನಮ್ಮೆಲ್ಲರ ಮನೆಯಲ್ಲೂ ಇರುವ ಪದ್ಧತಿ. ಸೊಣ್ಣಮ್ಮ ಡೇರೆಗೆ ಮುಟ್ಟಿಸಿರಲಿಲ್ಲ, ಗೋಣಿಗೂ ಇಲ್ಲ. ಆದರೆ ಡಕೋಟಾಗೆ ಬಟ್ಟೆ ಹಾಕಿದ್ದು ಮನುಷ್ಯರಿಗೆ ತೊಡಿಸಿದಂತೆಯೇ ಅನಿಸಿತಂತೆ. ಮೊದಲ ಸಲವೇ ಯಾರಿಗೂ ಹೇಳದೆ ಕೆಳಗಿನ ಮೂಲೆಗೆ ಒಂದು ಬೊಟ್ಟು ಇಟ್ಟರು. ಆಗ ಅದು ಕತ್ತರಿಸುವ ಮೂಲೆಯಲ್ಲ, ಉಳಿಯುವ ಮೂಲೆ. ಅಲ್ಲಿಂದ ಮುಂದೆ ಹೊಸ ಬಟ್ಟೆ ಹಾಕಿದಾಗಲೆಲ್ಲಾ ಇಟ್ಟರು.

ತೊಂದರೆ ಏನೆಂದರೆ, ಅರಿಶಿನ ನೀರಿಗೆ ಬಗ್ಗದಿದ್ದರೂ ಡೋಪಿಗೆ ಬಗ್ಗುತ್ತದೆ. ಗಯಾಸ್ ಒಂದು ಕೋಟು ಬಳಿದರೆ ಬೊಟ್ಟಿನಷ್ಟಿದ್ದ ಹಳದಿ ಅಂಗೈಯಷ್ಟಾಗಿ ಮೇಲಕ್ಕೆ ಬರುತ್ತಿತ್ತು. ಮುಚ್ಚಲು ಇನ್ನೊಂದು ಕೋಟು, ಅದರಲ್ಲೂ ಹಳದಿ. ಕೊನೆಗೆ ಬೆಳ್ಳಿ ಬಣ್ಣವನ್ನು ಅಲ್ಲಿ ಮಾತ್ರ ದಪ್ಪವಾಗಿ ಹಚ್ಚಿ ಕಳಿಸುತ್ತಿದ್ದರು. ಒಂದೆರಡು ತಿಂಗಳ ಬಿಸಿಲಿಗೆ ಅದರೊಳಗಿಂದಲೂ ಮಾಸಲು ಹಳದಿ ಇಣುಕುತ್ತಿತ್ತು. ಅಕ್ಕ, ಇದು ಯಾವತ್ತೋ ಒಂದು ದಿನ ನಮ್ಮಿಬ್ಬರನ್ನೂ ಹಿಡಿದುಕೊಡುತ್ತದೆ ಎಂದು ಗಯಾಸ್ ಆಗಾಗ ಹೇಳುತ್ತಿದ್ದರಂತೆ. ಹೇಳಿದರೇ ಹೊರತು ಬೇರೆ ಯಾರಲ್ಲೂ ಬಾಯಿಬಿಡಲಿಲ್ಲ.

ಆ ದಿನ ಬಂದದ್ದು ಹೋದ ವರ್ಷ. ಕಂಪನಿಯ ಮಾಲೀಕರಿಗೆ ತಲೆನೋವು ಶುರುವಾಗಿತ್ತು. ಬೇರೆಯವರು ಹೊಸ ವಿಮಾನ ತಂದಿದ್ದರು. ಅದು ಮೋಡದ ಮೇಲೆ ಹಾರುತ್ತದೆ, ಬೇಗ ಹೋಗುತ್ತದೆ, ಒಳಗೆ ಕೂತವರಿಗೆ ಕಿವಿ ನೋಯುವುದಿಲ್ಲ, ಕಾಗದದ ಚೀಲ ಬೇಕಾಗುವುದಿಲ್ಲ. ಅದಕ್ಕೆ ಎದುರಾಗಿ ಯುದ್ಧಕ್ಕೆ ಮೊದಲು ಯಾರೋ ಗೀಚಿದ ನಕ್ಷೆಯ ವಿಮಾನ ಇಟ್ಟುಕೊಂಡು ಎಷ್ಟು ದಿನ ವ್ಯಾಪಾರ ಮಾಡಲು ಸಾಧ್ಯ? ನಾವಂತೂ ಲಟಲಟ ಎನ್ನುವ ಬಸ್ಸನ್ನೆಲ್ಲಾ ‘ಡಕೋಟ’ ಎಂದು ಕರೆದು ಅದರ ಮಾನ ಆಗಲೇ ಕಳೆದುಬಿಟ್ಟಿದ್ದೇವೆ. ಮೂರನ್ನೂ ಗುಜರಿಗೆ ಹಾಕಬೇಕೋ, ಇಟ್ಟುಕೊಳ್ಳಬೇಕೋ ನೋಡಿ ಹೇಳಿ ಎಂದು ಮಾಲೀಕರು ಸೇತುರಾಮ್ ಎಂಬ ಹಿರಿಯ ಇಂಜಿನಿಯರನ್ನು ನೇಮಿಸಿದರು. ಲೋಹದ ಹೊಸ ವಿಮಾನಕ್ಕೆ ಬಟ್ಟೆ ಬೇಡ. ಮೂರೂ ಹೋದರೆ ಜಕ್ಕೂರಿನ ಷೆಡ್ಡಿಗೆ ಬೀಗ, ಸೊಣ್ಣಮ್ಮನಿಗೆ ಮತ್ತೆ ಗೋಣಿಚೀಲ. ಷೆಡ್ಡಿನ ಇಂಜಿನಿಯರ್ ವೇಣುಗೋಪಾಲ್ ಇದನ್ನು ಯಾರಿಗೂ ಮುಚ್ಚಿಡಲಿಲ್ಲ.

ಸೇತುರಾಮ್ ತಾಳ್ಮೆಯ ಮನುಷ್ಯ. ವಾರಗಟ್ಟಲೆ ವಿಮಾನಗಳ ರೆಕ್ಕೆಯೊಳಗೆಲ್ಲಾ ಟಾರ್ಚು ಬಿಟ್ಟು ನೋಡಿ, ಕಡೆಗೆ ಜಕ್ಕೂರಿಗೆ ಬಂದರು. ದೊಡ್ಡ ಪರೀಕ್ಷೆ ಎಂದು ಮೂರೂ ಚುಕ್ಕಾಣಿಗಳನ್ನು ಬಿಚ್ಚಿಸಿ ತರಿಸಿ, ಸಾಲಾಗಿ ನಿಲ್ಲಿಸಿದ್ದರು. ಒಂದರ ಕೆಳಮೂಲೆಯಲ್ಲಿ ಹಳದಿ ಕಲೆ ನೋಡಿದರು. ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಮೂರನೆಯದನ್ನು ನೋಡುವ ಹೊತ್ತಿಗೆ ಅವರ ಮುಖ ಗಂಭೀರವಾಯಿತು. ಒಂದರಲ್ಲಿ ಇದ್ದರೆ ಎಣ್ಣೆ ಸೋರಿದ್ದು ಎನ್ನಬಹುದು. ಮೂರರಲ್ಲೂ ಒಂದೇ ಜಾಗದಲ್ಲಿ ಇದೆಯೆಂದರೆ ಒಳಗಿನ ಲೋಹವೇ ಹಳೆಯದಾಗಿ ಏನನ್ನೋ ಕಕ್ಕುತ್ತಿದೆ, ಅದು ಬಟ್ಟೆಯನ್ನು ಕೊಳೆಯಿಸುತ್ತಿದೆ, ಈ ಜಾತಿಯ ವಿಮಾನಕ್ಕೇ ವಯಸ್ಸಾಗಿದೆ ಎಂದು ವೇಣುಗೋಪಾಲರಿಗೆ ವಿವರಿಸತೊಡಗಿದರು. ಇಂಥದ್ದನ್ನು ಕಂಡ ಮೇಲೆ ಹಾರಲು ಬಿಡಿ ಎಂದು ನಾನು ಹೇಳಲಾರೆ ಎಂದೂ ಹೇಳಿದರು.

ವೇಣುಗೋಪಾಲರಿಗೆ ಆ ಕಲೆ ಏನೆಂದು ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದ ಗಯಾಸ್ ಮುಂದೆ ಬಂದು, ಬಣ್ಣ ನಂದು ಸಾರ್, ಡಬ್ಬಿ ಸರಿಯಾಗಿ ತೊಳೆದಿರಲಿಲ್ಲ, ತಪ್ಪು ನಂದು ಎಂದು ಶುರುಮಾಡಿದರು. ಸೊಣ್ಣಮ್ಮ ಆಗ ಮೂರನೆಯ ಚುಕ್ಕಾಣಿಯ ಹಿಂದೆ ಕೂತಿದ್ದರು. ಸೇತುರಾಮರಿಗೆ ಅಲ್ಲೊಬ್ಬರು ಇದ್ದಾರೆ ಎಂಬುದೇ ತಿಳಿದಿರಲಿಲ್ಲ. ಬಟ್ಟೆಯ ಆ ಕಡೆಯಿಂದ ಮಾತು ಬಂತು.

“ಬಣ್ಣ ಅಲ್ಲ ಸಾಮಿ, ಕಬ್ಬಿಣಾನೂ ಅಲ್ಲ. ಅದು ಅರಿಸಿನ. ಇಕ್ಕಿದ್ದು ನಾನು.”

ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ವಿಮಾನ ಹೋಗುತ್ತದೆ, ವಿಮಾನ ಹೋದರೂ ಕೆಲಸ ಹೋಗುತ್ತದೆ ಎಂದು ಲೆಕ್ಕ ಹಾಕಿದಿರಾ ಎಂದು ನಾನು ಸೊಣ್ಣಮ್ಮನನ್ನು ಕೇಳಿದೆ. ಅವರಿಗೆ ಆ ಲೆಕ್ಕವೇ ಹೊಳೆದಿರಲಿಲ್ಲ. ಗಯಾಸ್ ಮಾಡದ ತಪ್ಪನ್ನು ಹೊತ್ತುಕೊಳ್ಳುವುದನ್ನು ಕೇಳಿಕೊಂಡು ಕೂರಲಾಗಲಿಲ್ಲ, ಅಷ್ಟೆ. ಈ ಮಾತು ಕೇಳಿದಾಗ ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂತು.

ಸೇತುರಾಮ್ ಚುಕ್ಕಾಣಿಯನ್ನು ಸುತ್ತಿಕೊಂಡು ಹಿಂದೆ ಬಂದರು. ನಗಲಿಲ್ಲ, ಗದರಲೂ ಇಲ್ಲ. ವಿಮಾನಕ್ಕೆ ಯಾಕಮ್ಮ ಅರಿಶಿನ ಎಂದಷ್ಟೇ ಕೇಳಿದರು. ಸೊಣ್ಣಮ್ಮ ಎದ್ದು ನಿಂತು ಹೇಳಿದ್ದನ್ನು ಷೆಡ್ಡಿನವರೆಲ್ಲ ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ.

“ಒಸ ಬಟ್ಟೆಗೆ ಅರಿಸಿನ ಇಕ್ಕದೆ ಯಾರಾನಾ ಉಡ್ತಾರಾ ಸಾಮಿ? ನಮ್ಮೂರಾಗೆ ಅರಿಸಿನ ಇಲ್ದೆ ಒಸ ಬಟ್ಟೆ ಒದಿಸೋದು ಎಣಕ್ಕೆ ಒಂದಕ್ಕೇ. ಇದ್ರಾಗೆ ಜನ ಕೂತ್ಕೊಂಡು ಓಗ್ತಾರೆ. ನನ್ ಕೈಯಿಂದ ಅಂಗೇ ಕಳಿಸೋಕೆ ಮನಸು ಬರ್ಲಿಲ್ಲ.”

ಸೇತುರಾಮ್ ಜೇಬಿನಿಂದ ಚಾಕು ತೆಗೆದರು. ಕಾರಣ ಸಿಕ್ಕಿತು, ಆದರೆ ಬಾಯಿಮಾತಿನ ಮೇಲೆ ವಿಮಾನ ಹಾರಿಸಲಾಗದು, ಅರಿಶಿನವೇ ಬಟ್ಟೆಯನ್ನು ಕೆಡಿಸಿದೆಯೋ ಏನೋ ನೋಡಬೇಕು ಎಂದರು. ಬೆಳ್ಳಿ ಬಣ್ಣದ ಬಟ್ಟೆಗೆ ಚಾಕು ಹಾಕಿ ಹಳದಿ ಜಾಗವನ್ನು ಪಟ್ಟಿಯಾಗಿ ಹರಿದರು. ಒಂದಾದ ಮೇಲೆ ಒಂದು, ಮೂರರಿಂದಲೂ. ಬಿಗಿದ ಬಟ್ಟೆ ಪರ್ರೆಂದು ಹರಿದ ಸದ್ದಿಗೆ ಸೊಣ್ಣಮ್ಮ ಮುಖ ತಿರುಗಿಸಿಕೊಂಡರು. ಇವತ್ತಿಗೂ ಆ ದಿನದ ಬಗ್ಗೆ ಅವರಿಗಿರುವ ಬೇಸರ ಇದೊಂದೇ. ಕೇಳಿದ್ದರೆ ನಾನೇ ಹೊಲಿಗೆ ಬಿಚ್ಚಿ, ಬೇಕಾದಷ್ಟು ಬಟ್ಟೆಯನ್ನು ಮಡಿಸಿ ಅವರ ಕೈಗೆ ಕೊಡುತ್ತಿದ್ದೆ ಎನ್ನುತ್ತಾರೆ.

ಪಟ್ಟಿಗಳಿಗೆ ತೂಕ ಕಟ್ಟಿ ಇಳಿಬಿಟ್ಟರು. ತೂಕ ಏರಿಸುತ್ತಾ ಹೋದರು. ಇರಬೇಕಾದ ಬಲಕ್ಕಿಂತ ಹೆಚ್ಚು ತೂಕವನ್ನೇ ಮೂರೂ ತಡೆದವು. ಅರಿಶಿನ ಬಟ್ಟೆಗೆ ಏನೂ ಮಾಡಿರಲಿಲ್ಲ. ಆದರೆ ಸೇತುರಾಮ್ ಅಲ್ಲಿಗೆ ಬಿಡಲಿಲ್ಲ. ಕಲೆ ಮುಚ್ಚಲು ಗಯಾಸ್ ಹಚ್ಚಿದ್ದ ಹೆಚ್ಚುವರಿ ಬಣ್ಣದ ಭಾರ ಬಾಲದ ತೂಕವನ್ನು ಏರುಪೇರು ಮಾಡುತ್ತದೆ, ಅದು ಒಳ್ಳೆಯದಲ್ಲ ಎಂದು ತೋರಿಸಿಕೊಟ್ಟು, ಮೂರಕ್ಕೂ ಹೊಸ ಬಟ್ಟೆ ಹಾಕಿಸಿದರು. ಹಾರುವ ಬಟ್ಟೆಗೆ ಇನ್ನು ಮುಂದೆ ಬರೆದಿಟ್ಟದ್ದನ್ನು ಬಿಟ್ಟು ಬೇರೇನೂ ಸೋಕಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಸೊಣ್ಣಮ್ಮ ಒಪ್ಪಿದರು. ಸೇತುರಾಮ್ ಹೇಳಿದ್ದು ಸರಿಯಾಗೇ ಇತ್ತು ಎನ್ನುತ್ತಾರೆ. ಎರಡು ದಿನ ಯೋಚಿಸಿ, ಕತ್ತರಿಸಿ ತೆಗೆಯುವ ಮೂಲೆಗೆ ಅರಿಶಿನ ಮುಟ್ಟಿಸಿದರೆ ಹೇಗೆ ಎಂದು ಕೇಳಿದರು. ಉಡಿಸುವಾಗ ಅರಿಶಿನ ಇರುತ್ತದೆ, ಹಾರುವಾಗ ಇರುವುದಿಲ್ಲ. ವೇಣುಗೋಪಾಲ್ ಈ ಸಂಧಾನವನ್ನು ಸೇತುರಾಮರ ಮುಂದಿಟ್ಟಾಗ, ಬಿಸಾಡುವ ಬಟ್ಟೆಗೆ ನನ್ನ ಅಧಿಕಾರವಿಲ್ಲ ಎಂದು ಅವರು ನಕ್ಕರಂತೆ.

ಸೇತುರಾಮರನ್ನೂ ನೋಡಿಬರೋಣ ಎಂದು ಯಶವಂತಪುರದ ಅವರ ಮನೆಗೆ ಹೋಗಿದ್ದೆ. ಗೋದಾ ಎಂಬ ಅವರ ಮಗಳು ಕಾಫಿ ಕೊಟ್ಟಳು. ಹಳೆಯ ವಿಮಾನ ಇಂದಿನ ಕಾಲಕ್ಕೆ ಸರಿಯೋ ತಪ್ಪೋ, ಒಂದೇ ಮಾತಿನಲ್ಲಿ ಹೇಳಿ ಎಂದೆ. ನನ್ನಂಥವರಿಗೆ ಯಾವಾಗಲೂ ಒಂದೇ ಮಾತು ಬೇಕು.

“ಹಳೇದು ಅಂತ ಬೈಯೋದೂ ಸುಲಭ, ಹಳೇದು ಅಂತ ಮುದ್ದು ಮಾಡೋದೂ ಸುಲಭ ಕಣ್ರೀ,” ಎಂದರು ಸೇತುರಾಮ್. “ಯಾವ ಊರಿಗೆ ಹೋಗ್ಬೇಕು, ಏನು ಹೊತ್ಕೊಂಡು ಹೋಗ್ಬೇಕು, ಇಳಿಯೋಕೆ ಅಲ್ಲಿ ಡಾಂಬರಿದೆಯೋ ಮಣ್ಣಿದೆಯೋ? ಇದನ್ನ ಕೇಳಿ ಆಮೇಲೆ ವಿಮಾನ ನೋಡ್ಬೇಕು.”

ಅವರ ತೀರ್ಮಾನವೂ ಹಾಗೆಯೇ ಇತ್ತು. ದೂರದ ಊರುಗಳ ಪ್ರಯಾಣಿಕರಿಗೆ ಡಕೋಟಾ ಇನ್ನು ಸಲ್ಲದು, ಅವರಿಗೆ ಹೊಸದನ್ನು ಬಾಡಿಗೆಗೆ ತನ್ನಿ. ಆದರೆ ರೇಷ್ಮೆ, ಔಷಧಿ, ಪತ್ರಿಕೆಯ ಕಟ್ಟು ಹೊತ್ತು ಮಣ್ಣಿನ ಮೈದಾನಗಳಲ್ಲಿ ಇಳಿಯಲು ಅದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ಆ ಮೈದಾನಗಳಿಗೆ ಡಾಂಬರು ಬೀಳುವ ತನಕ ಎರಡು ಡಕೋಟಾ ಇರಲಿ. ಹೊಸ ಬಟ್ಟೆ ಹಾಕಿದ ಮೇಲೆ ಇನ್ನೊಮ್ಮೆ ನೋಡಿದಾಗ ಮೂರನೆಯದರ ರೆಕ್ಕೆಯ ಒಳತೊಲೆಯಲ್ಲಿ ಬಿರುಕು ಕಂಡಿತ್ತು. ಅದಕ್ಕೂ ಅರಿಶಿನಕ್ಕೂ ಸಂಬಂಧವಿಲ್ಲ, ವಯಸ್ಸಿನ ಬಿರುಕು. ಅದನ್ನು ಮಾರಿಬಿಡಿ ಎಂದರು.

ಆ ಮಾತನ್ನು ಸೊಣ್ಣಮ್ಮ ಒಂದು ಸಲ ಪ್ರಶ್ನಿಸಿದ್ದುಂಟು. ವಿಮಾನದ ಬಟ್ಟೆ ಹಳೆಯದಾದರೆ ನಾವು ಬದಲಾಯಿಸುತ್ತೇವಲ್ಲ, ಮತ್ತೆ ಅದು ಹಳೆಯದಾಗುವುದು ಹೇಗೆ ಎಂದು. ಬಟ್ಟೆ ಹೊಸದಾದರೆ ಸಾಲದಮ್ಮ, ಮೂಳೆಯನ್ನೂ ನೋಡಬೇಕಲ್ಲ ಎಂದಿದ್ದರಂತೆ ಸೇತುರಾಮ್. ಅದನ್ನು ಹೇಳುವಾಗ ಸೊಣ್ಣಮ್ಮ ತಮ್ಮ ಮೊಣಕಾಲು ಸವರಿಕೊಂಡು ನಕ್ಕರು. ಮೂಳೆಯ ವಿಷಯ ತಮಗೂ ಈಗ ಗೊತ್ತಾಗುತ್ತಿದೆ ಎಂದರು.

ಷೆಡ್ಡು ಉಳಿದಿದೆ. ಎರಡು ವಿಮಾನಗಳ ಬಟ್ಟೆಯ ಕೆಲಸ ಇಬ್ಬರಿಗೆ ಸಾಕಾಗುತ್ತದೆ. ಒಮ್ಮೆ ಇದರಲ್ಲಿ ಹಾರಿ ನೋಡಲು ಆಸೆಯಿಲ್ಲವೇ ಎಂದು ಕೇಳಿದೆ, ನನ್ನ ಪತ್ರಿಕೆಯವರು ಬೇಕಾದರೆ ಸೀಟು ಕೊಡಿಸಬಹುದು ಎಂದೂ ಸೇರಿಸಿದೆ. ವೇಣುಗೋಪಾಲ್ ಆಗಲೇ ಎರಡು ಸಲ ಕರೆದಿದ್ದಾರೆ, ಇವರು ಹೋಗಿಲ್ಲ. ಒಳಗೆ ಕೂತರೆ ತಮ್ಮ ಹೊಲಿಗೆ ಕಾಣಿಸುವುದಿಲ್ಲ ಎಂಬುದು ಅವರ ವಾದ. ಸಂಜೆ ಬದನೆ ಗಿಡಕ್ಕೆ ನೀರು ಬಿಡುವಾಗ ಮೇಲೆ ಸದ್ದಾದರೆ, ಸೊಂಟಕ್ಕೆ ಕೈಕೊಟ್ಟು ತಲೆಯೆತ್ತಿ ನೋಡುತ್ತಾರೆ. ಬಾಲದ ಬಟ್ಟೆ ಬಿಸಿಲಿಗೆ ಹೊಳೆಯುತ್ತದೆ. ಅವರಿಗೆ ಅಷ್ಟು ಸಾಕು.

ಹಾಗಾದರೆ ಬೇರೇನೂ ಬೇಡವೇ ಎಂದಾಗ ಅವರು ಷೆಡ್ಡಿನ ಮೂಲೆಯ ಕಡೆ ನೋಡಿದರು. ಮಾರಿದ ಮೂರನೆಯ ವಿಮಾನದ ಚುಕ್ಕಾಣಿ ಅಲ್ಲಿದೆ. ಪರೀಕ್ಷೆಯ ಮೇಲೆ ಹೊಸ ಬಟ್ಟೆ ತೊಟ್ಟದ್ದು, ಆಮೇಲೆ ರೆಕ್ಕೆಯ ಬಿರುಕು ಕಂಡದ್ದರಿಂದ ಒಂದು ದಿನವೂ ಹಾರಲಿಲ್ಲ. ನಾನು ಹೋದ ದಿನವೇ ಗುಜರಿಯವರು ಅದನ್ನು ಒಯ್ಯಲು ಬರುವುದಿತ್ತು. ಅವರಿಗೆ ಬೇಕಾದದ್ದು ತಗಡು. ಬಟ್ಟೆಗೆ ಮಚ್ಚು ಹಾಕಿ, ಹರಿದು, ರಸ್ತೆಬದಿಗೆ ಎಸೆಯುತ್ತಾರೆ. ಸೊಣ್ಣಮ್ಮನ ಆಸೆ ಏನೆಂದು ಆಗ ಹೊರಬಂತು. ನನಗೆ ಹೇಳಿದರೋ, ಬಾಗಿಲಲ್ಲಿ ನಿಂತಿದ್ದ ವೇಣುಗೋಪಾಲರಿಗೆ ಹೇಳಿದರೋ, ಗೊತ್ತಾಗಲಿಲ್ಲ.

“ಅದಕ್ಕೆ ಯಾರೂ ಚಾಕು ಆಕ್ಬೇಡಿ ಸಾಮಿ. ಉಡಿಸಿದೋಳು ನಾನು. ಬಿಚ್ಚೋದೂ ನನ್ ಕೈಲೇ ಆಗ್ಲಿ.”

ವೇಣುಗೋಪಾಲ್ ಗುಜರಿಯವರಿಗೆ ಸೋಮವಾರ ಬನ್ನಿ ಎಂದು ಹೇಳಿಕಳಿಸಿದರು.

ಈಗ ಅದನ್ನು ಇನ್ನೊಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾರೆ. ಷೆಡ್ಡಿನೊಳಗೆ ಬಿಸಿಲು ಬಂದಿದೆ. ಸೊಣ್ಣಮ್ಮ ಕನ್ನಡಕ ಸರಿಮಾಡಿಕೊಂಡು, ಬೆಳ್ಳಿ ಬಣ್ಣವನ್ನು ಉಗುರಿನಲ್ಲಿ ಮೆಲ್ಲಗೆ ಕೆರೆದು, ತಾವು ಕೊನೆಗೆ ಹಾಕಿದ ಗಂಟನ್ನು ಹುಡುಕುತ್ತಾರೆ. ಗಯಾಸ್ ಆಗಲೇ ಆ ಕಡೆ ಹೋಗಿ ಕೂತಾಗಿದೆ. ಗಂಟು ಸಡಿಲವಾಗುತ್ತದೆ. ಸೊಣ್ಣಮ್ಮ ದಾರದ ತುದಿಯನ್ನು ಒಳಗೆ ಬಿಡುತ್ತಾರೆ, ಆ ಕಡೆಯಿಂದ ಯಾರೋ ಮೆಲ್ಲಗೆ ಎಳೆದುಕೊಂಡದ್ದು ಬಟ್ಟೆಯಲ್ಲಿ ಗೊತ್ತಾಗುತ್ತದೆ.

“ಬಂತಾ?” ಎನ್ನುತ್ತಾರೆ ಸೊಣ್ಣಮ್ಮ.

“ಬಂತು ಅಕ್ಕ.”